ಎಂಟು ಕ್ಲಬ್ ಸುತ್ತಿದ ಪ್ಯಾನಿಚ್: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಬೋಸ್ನಿಯಾದ ಮಿಡ್‌ಫೀಲ್ಡರ್ ಮಿರಾಲೆಮ್ ಪ್ಯಾನಿಚ್ ಬಗ್ಗೆ. ಕೆಲವರಿಗೆ ಮೆಚ್ಚುಗೆ, ಕೆಲವರಿಗೆ ಸಿಟ್ಟು. ನನಗಂತೂ ತುಂಬಾ ಇಷ್ಟದ ಆಟಗಾರ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇಡೀ ಅಂಕಣ ಅವರಿಗೇ ಕೊಟ್ಟಿದ್ದೇನೆ.

ಪ್ರಶ್ನೆ: ಮೆಟ್ಜ್, ಲಿಯಾನ್, ರೋಮಾ, ಯುವೆಂಟಸ್, ಬಾರ್ಸಿಲೋನಾ, ಬೆಸಿಕ್ತಾಶ್, ಶಾರ್ಜಾ, ಸಿಎಸ್‌ಕೆಎ ಮಾಸ್ಕೋ. ಎಂಟು ಕ್ಲಬ್, ಆರು ದೇಶ! ಒಂದು ಕಡೆ ಕಾಲೂರಿ ನಿಲ್ಲದವರನ್ನು ದೊಡ್ಡ ಆಟಗಾರ ಅಂತ ಒಪ್ಪುವುದು ಹೇಗೆ ಸರ್?

ಉತ್ತರ: ಕ್ಲಬ್‌ಗಳ ಹೆಸರು ಮಾತ್ರ ಓದಿದರೆ ಅಲೆಮಾರಿಯ ಹಾಗೇ ಕಾಣುತ್ತಾರೆ. ಪಕ್ಕದಲ್ಲಿ ವರ್ಷಗಳನ್ನೂ ಬರೆದು ನೋಡಿ. ಮೆಟ್ಜ್‌ಗೆ 2004ರಲ್ಲಿ ಹುಡುಗನಾಗಿ ಸೇರಿ ನಾಲ್ಕು ವರ್ಷ, ಲಿಯಾನ್‌ನಲ್ಲಿ ಮೂರು, ರೋಮಾದಲ್ಲಿ ಐದು, ಯುವೆಂಟಸ್‌ನಲ್ಲಿ ನಾಲ್ಕು. ಅಂದರೆ 30 ವರ್ಷ ತುಂಬುವವರೆಗೆ ನಾಲ್ಕೇ ಕ್ಲಬ್. ಉಳಿದ ನಾಲ್ಕೂ 30 ದಾಟಿದ ಮೇಲೆ ಬಂದವು, ಅದಕ್ಕೆ ಬೇರೆ ಕಾರಣಗಳಿವೆ, ಮುಂದೆ ಹೇಳುತ್ತೇನೆ.

ಮೊದಲ ಮೂರು ಬದಲಾವಣೆಗಳಲ್ಲೂ ಅವರು ಒಂದೊಂದು ಮೆಟ್ಟಿಲು ಮೇಲಕ್ಕೇ ಹತ್ತಿದ್ದಾರೆ. 2008ರಲ್ಲಿ ಮೆಟ್ಜ್ ತಂಡ ಫ್ರಾನ್ಸಿನ ಮೊದಲ ದರ್ಜೆಯಿಂದ ಕೆಳಗೆ ಬಿತ್ತು. ಆಗಷ್ಟೇ ಸತತ ಏಳನೇ ಸಲ ಚಾಂಪಿಯನ್ ಆಗಿದ್ದ ಲಿಯಾನ್, ಸುಮಾರು 75 ಲಕ್ಷ ಯೂರೋ ಕೊಟ್ಟು 18ರ ಈ ಹುಡುಗನನ್ನು ಕರೆದುಕೊಂಡಿತು. 2011ರ ಆಗಸ್ಟ್‌ನ ಕೊನೇ ದಿನ ಲೂಯಿಸ್ ಎನ್ರಿಕೆ ಕೋಚ್ ಆಗಿದ್ದ ರೋಮಾಕ್ಕೆ ಹೋದರು. 2016ರಲ್ಲಿ ಯುವೆಂಟಸ್ 3.2 ಕೋಟಿ ಯೂರೋ ಕಟ್ಟಿ, ಒಪ್ಪಂದದಲ್ಲಿದ್ದ ಬಿಡುಗಡೆಯ ಷರತ್ತನ್ನು (ಇಷ್ಟು ಹಣ ಕೊಟ್ಟರೆ ಆಟಗಾರನನ್ನು ಬಿಡಲೇಬೇಕು ಅನ್ನೋದು) ಬಳಸಿ ಕೊಂಡುಕೊಂಡಿತು. ರೋಮಾ ಅಭಿಮಾನಿಗಳಿಗೆ ಇದು ಬಹಳ ನೋವಾಯಿತು, ಯಾಕೆಂದರೆ ಎರಡು ಸೀಸನ್ ಅವರು ಎರಡನೇ ಸ್ಥಾನಕ್ಕೆ ಬಂದಿದ್ದು ಇದೇ ಯುವೆಂಟಸ್ ಹಿಂದೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಯುವೆಂಟಸ್‌ನಲ್ಲಿ ಪ್ಯಾನಿಚ್ ಆಡಿದ ನಾಲ್ಕು ಸೀಸನ್, ನಾಲ್ಕರಲ್ಲೂ ಲೀಗ್ ಪ್ರಶಸ್ತಿ, 178 ಪಂದ್ಯ. ಇಷ್ಟು ಮಾಡಿದವರನ್ನು ದೊಡ್ಡ ಆಟಗಾರ ಅನ್ನದೆ ಇನ್ನೇನು ಅನ್ನೋಣ?

ಪ್ರಶ್ನೆ: ಬೆಳೆದದ್ದು ಲಕ್ಸೆಂಬರ್ಗ್, ಆಟ ಪಳಗಿದ್ದು ಫ್ರಾನ್ಸ್. ಹಾಗಿದ್ದೂ ಬೋಸ್ನಿಯಾ ತಂಡಕ್ಕೆ ಆಡಿದ್ದು ಯಾಕೆ? ಸುಲಭವಾಗಿ ಜಾಗ ಸಿಗುತ್ತೆ ಅಂತಲೇ?

ಉತ್ತರ: ಸುಲಭದ ಲೆಕ್ಕ ಹಾಕುವವರಾಗಿದ್ದರೆ ಲಕ್ಸೆಂಬರ್ಗ್ ಸಾಕಿತ್ತು. ಅಲ್ಲಿ ಆಗಲೇ ಅವರು ಯುವ ತಂಡದ ತಾರೆ. 2006ರ 17 ವರ್ಷದೊಳಗಿನವರ ಯೂರೋಪಿಯನ್ ಟೂರ್ನಿ ಲಕ್ಸೆಂಬರ್ಗ್‌ನಲ್ಲೇ ನಡೆದಾಗ ಆ ದೇಶದ ಅಂಗಿ ತೊಟ್ಟು ಆಡಿದ್ದರು. 2008ರಲ್ಲಿ ಬೋಸ್ನಿಯಾವನ್ನು ಆರಿಸಿಕೊಂಡಾಗ ಆ ತಂಡ ಒಂದೇ ಒಂದು ದೊಡ್ಡ ಟೂರ್ನಿಯನ್ನೂ ಕಂಡಿರಲಿಲ್ಲ. ಯುವ ತಂಡಕ್ಕೆ ಆಡಿದವರು 21 ತುಂಬುವ ಮೊದಲು ಒಮ್ಮೆ ದೇಶ ಬದಲಿಸಬಹುದು ಅನ್ನುವ ಫಿಫಾ ನಿಯಮ ಆಗ ಇತ್ತು, ಅದರಲ್ಲಿ ಬದಲಿಸಿಕೊಂಡರು.

ಯಾಕೆ ಅನ್ನೋದಕ್ಕೆ ಮನೆಯವರ ಕಥೆ ಕೇಳಬೇಕು. ಪ್ಯಾನಿಚ್ ಹುಟ್ಟಿದ್ದು 1990ರ ಏಪ್ರಿಲ್ 2ರಂದು, ಬೋಸ್ನಿಯಾದ ತುಜ್ಲಾ ನಗರದಲ್ಲಿ. ಆಗ ಅದು ಯುಗೊಸ್ಲಾವಿಯಾ. ಅಪ್ಪ ಕೂಡ ಫುಟ್‌ಬಾಲ್ ಆಟಗಾರ, ಕೆಳ ದರ್ಜೆಯ ಲೀಗ್‌ನಲ್ಲಿ ಆಡುತ್ತಿದ್ದವರು. ಯುದ್ಧ ಬರುವ ಸೂಚನೆ ಕಂಡು ಲಕ್ಸೆಂಬರ್ಗ್‌ಗೆ ಹೋಗಿಬಿಡೋಣ ಅಂತ ತೀರ್ಮಾನಿಸಿದರು. ಅದಕ್ಕೆ ಕ್ಲಬ್ಬಿನಿಂದ ಬಿಡುಗಡೆ ಪತ್ರ ಬೇಕು. ಕ್ಲಬ್ಬಿನವರು ಕೊಡಲಿಲ್ಲ. ಆಮೇಲೆ ಅಮ್ಮ ಕೈಗೂಸು ಮಿರಾಲೆಮ್‌ನನ್ನು ಎತ್ತಿಕೊಂಡು ಆ ಕಚೇರಿಗೆ ಹೋದರು. ಕಾಗದ ಕೊಡಿ ಅಂತ ಕೇಳುತ್ತಾ ನಿಂತಿದ್ದಾಗ ಮಗು ಅಳೋಕೆ ಶುರು ಮಾಡಿತು, ಎಷ್ಟು ಸಮಾಧಾನ ಮಾಡಿದರೂ ನಿಲ್ಲಿಸಲಿಲ್ಲ. ಎದುರಿಗಿದ್ದವರ ಮನಸ್ಸು ಕರಗಿತು, ಕಾಗದ ಕೈಗೆ ಬಂತು. ಈ ಕಥೆಯನ್ನು ಪ್ಯಾನಿಚ್ ಅವರೇ ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ. 1992ರಲ್ಲಿ ಶುರುವಾದ ಯುದ್ಧ 1995ರವರೆಗೆ ನಡೆಯಿತು. ಸುಮಾರು ಒಂದು ಲಕ್ಷ ಜನ ಸತ್ತರು, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟರು. ಅಂಥ ಮನೆಯ ಹುಡುಗ 18ನೇ ವಯಸ್ಸಿಗೆ ಬೋಸ್ನಿಯಾ ಅಂಗಿ ಕೇಳಿದಾಗ ಅದನ್ನು ಅವಕಾಶದ ಲೆಕ್ಕ ಅನ್ನೋದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಪ್ರಶ್ನೆ: ಯುವೆಂಟಸ್‌ನಲ್ಲಿ ರಾಜನ ಹಾಗಿದ್ದ ಪ್ಯಾನಿಚ್ ಬಾರ್ಸಿಲೋನಾದಲ್ಲಿ ಬೆಂಚ್ ಕಾದಿದ್ದು ಯಾಕೆ? ಒಂದೇ ಬೇಸಿಗೆಯಲ್ಲಿ ಆಟ ಮರೆತುಹೋಯಿತೇ?

ಉತ್ತರ: ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ.

ಸ್ಟ್ರೈಕರ್ ಎಲ್ಲಿ ಹೋದರೂ ಅವನ ಕೆಲಸ ಗೋಲ್ ಹೊಡೆಯೋದು. ಮಿಡ್‌ಫೀಲ್ಡರ್ ಕಥೆ ಹಾಗಲ್ಲ, ಅವನ ಅರ್ಧ ಬೆಲೆ ಕೋಚ್ ಅವನನ್ನು ಎಲ್ಲಿ ನಿಲ್ಲಿಸುತ್ತಾರೆ ಅನ್ನುವುದರಲ್ಲಿದೆ. ಪ್ಯಾನಿಚ್ ಶುರು ಮಾಡಿದ್ದು ಮುಂದಿನ ಸಾಲಿಗೆ ಹತ್ತಿರ. ಲಿಯಾನ್‌ನಲ್ಲಿ ಸ್ಟ್ರೈಕರ್‌ಗಳ ಹಿಂದೆ, ಕೆಲವೊಮ್ಮೆ ಬದಿಯಲ್ಲಿ ಆಡುತ್ತಿದ್ದರು. ರೋಮಾದಲ್ಲಿ ಇನ್ನೊಂದಿಷ್ಟು ಹಿಂದೆ ಬಂದರು, ಆದರೂ ಗೋಲ್ ಹತ್ತಿರ ಓಡಾಡುವ ಸ್ವಾತಂತ್ರ್ಯವಿತ್ತು. 2015–16ರ ಸೀಸನ್‌ನಲ್ಲಿ ಲೀಗ್‌ನಲ್ಲೇ 10 ಗೋಲ್, 12 ಅಸಿಸ್ಟ್ (ಬೇರೆಯವರ ಗೋಲಿಗೆ ಕೊಟ್ಟ ಪಾಸ್). ಅದೇ ಸೀಸನ್ ಶುರುವಿನಲ್ಲಿ ಯುವೆಂಟಸ್ ವಿರುದ್ಧ ಫ್ರೀಕಿಕ್‌ನಲ್ಲಿ ಗೋಲ್ ಹೊಡೆದರು, ಇನ್ನೊಂದು ಗೋಲ್ ಆಗಷ್ಟೇ ರೋಮಾಕ್ಕೆ ಬಂದಿದ್ದ ಎಡಿನ್ ಜೆಕೊ ಅವರದು, ತಲೆಯಿಂದ. ಇಬ್ಬರು ಬೋಸ್ನಿಯಾದವರು ಸೇರಿ ಇಟಲಿಯ ಚಾಂಪಿಯನ್ನರನ್ನು 2-1ರಿಂದ ಸೋಲಿಸಿದ ಪಂದ್ಯ ಅದು.

ಯುವೆಂಟಸ್‌ನಲ್ಲಿ ಕೋಚ್ ಅಲೆಗ್ರಿ ಇನ್ನೂ ಹಿಂದಕ್ಕೆ ಎಳೆದರು. 2017ರ ಜನವರಿಯಲ್ಲಿ ಫಿಯೊರೆಂಟಿನಾ ವಿರುದ್ಧ ಸೋತ ಮೇಲೆ ತಂಡದ ರಚನೆಯನ್ನೇ ಬದಲಿಸಿದರು. ಇಗುವೈನ್, ಡಿಬಾಲಾ, ಮಂಜುಕಿಚ್, ಕ್ವಾದ್ರಾದೊ ನಾಲ್ವರೂ ಒಟ್ಟಿಗೆ ಮುಂದೆ. ಅವರ ಹಿಂದೆ ಇಬ್ಬರೇ, ಖೆದೀರಾ ಮತ್ತು ಪ್ಯಾನಿಚ್. ಇಂಥ ತಂಡ ಬೀಳದೆ ನಿಲ್ಲಬೇಕಾದರೆ ಹಿಂದೆ ಇರುವವನು ಚೆಂಡು ಕಳೆದುಕೊಳ್ಳಲೇಬಾರದು. ಪ್ಯಾನಿಚ್ ಮಾಡಿದ್ದು ಅದನ್ನೇ. ಡಿಫೆಂಡರ್‌ನಿಂದ ಚೆಂಡು ಬರುವ ಮೊದಲೇ ಭುಜದ ಮೇಲಿಂದ ಒಮ್ಮೆ ಹಿಂದೆ ನೋಡುತ್ತಿದ್ದರು. ಚೆಂಡು ಬಂದಾಗ ಮೈ ಅರ್ಧ ತಿರುಗಿಯೇ ಇರುತ್ತಿತ್ತು. ಒಂದು ಟಚ್‌ನಲ್ಲಿ ಹಿಡಿತ, ಎರಡನೇ ಟಚ್‌ನಲ್ಲಿ ಪಾಸ್. ಎದುರಾಳಿ ಓಡಿ ಬರುವಷ್ಟರಲ್ಲಿ ಚೆಂಡು ಅಲ್ಲಿರುತ್ತಿರಲಿಲ್ಲ. ಆ ಸೀಸನ್‌ನಲ್ಲಿ ಯುವೆಂಟಸ್, ಯೂರೋಪಿನ ದೊಡ್ಡ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಫೈನಲ್‌ವರೆಗೆ ಹೋಯಿತು. ಕಾರ್ಡಿಫ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಎದುರು 1-4ರಿಂದ ಸೋತಿತು, ಆ ಮಾತು ಬೇರೆ.

ಈಗ ಬಾರ್ಸಿಲೋನಾಗೆ ಬನ್ನಿ. ಒಪ್ಪಂದ ಆದದ್ದು 2020ರ ಜೂನ್ ಕೊನೆಗೆ, ಆಗ ಕೋಚ್ ಕಿಕೆ ಸೆತಿಯೆನ್. ಆಗಸ್ಟ್‌ನಲ್ಲಿ ಬಯರ್ನ್ ಮ್ಯೂನಿಕ್ ಬಾರ್ಸಿಲೋನಾವನ್ನು 8-2ರಿಂದ ಹೊಡೆದುಹಾಕಿತು, ಸೆತಿಯೆನ್ ಮನೆಗೆ ಹೋದರು, ರೊನಾಲ್ಡ್ ಕೂಮನ್ ಬಂದರು. ಇದೇ ಹೊತ್ತಿಗೆ ಪ್ಯಾನಿಚ್‌ಗೆ ಕೋವಿಡ್ ಬಂತು, ಹೊಸ ಕೋಚ್ ಎದುರು ಮೈದಾನಕ್ಕಿಳಿಯೋದೇ ತಡವಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಪ್ಯಾನಿಚ್ ಆಡುವ ಜಾಗದಲ್ಲಿ ಸರ್ಜಿಯೊ ಬುಸ್ಕೆಟ್ಸ್ ಹನ್ನೆರಡು ವರ್ಷದಿಂದ ನಿಂತಿದ್ದರು. ಪಕ್ಕದಲ್ಲಿ ಫ್ರೆಂಕಿ ಡಿ ಯೋಂಗ್, 18ರ ಪೆದ್ರಿ ಬೇರೆ. ತಾನು ಕೇಳದ ಆಟಗಾರನಿಗಾಗಿ ಯಾವ ಕೋಚ್ ಬುಸ್ಕೆಟ್ಸ್‌ರನ್ನು ಎಬ್ಬಿಸುತ್ತಾರೆ ಹೇಳಿ? ಸಿಕ್ಕಿದ್ದು ಒಟ್ಟು 30 ಪಂದ್ಯ, ಅದರಲ್ಲೂ ಎಷ್ಟೋ ಸಲ ಕೊನೆಯ ಕೆಲವು ನಿಮಿಷ. ಗೋಲ್ ಒಂದೂ ಇಲ್ಲ. ಕೂಮನ್ ತನಗೆ ಗೌರವ ಕೊಡಲಿಲ್ಲ ಅಂತ ಹೊರಗೆ ಹೋದ ಮೇಲೆ ಪ್ಯಾನಿಚ್ ಬಹಿರಂಗವಾಗಿಯೇ ಹೇಳಿದರು.

ಆಟ ಮರೆತಿರಲಿಲ್ಲ, ಕೂರಲು ಕುರ್ಚಿ ಇರಲಿಲ್ಲ. ಇನ್ನೊಂದು ಮಾತು: ಪ್ಯಾನಿಚ್ ಮಾರಾಟವಾದ ಕೆಲವೇ ವಾರದಲ್ಲಿ ಯುವೆಂಟಸ್ ಕೋಚ್ ಆಗಿ ಬಂದದ್ದು ಆಂದ್ರೆಯಾ ಪಿರ್ಲೋ, ಅಂದರೆ ಇದೇ ಜಾಗದಲ್ಲಿ ಆಡಿ ಹೆಸರಾದವರು. ಅವರ ಕೈಕೆಳಗೆ ಪ್ಯಾನಿಚ್ ಒಂದು ಸೀಸನ್ ಆಡಬೇಕಿತ್ತು ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಪ್ರಶ್ನೆ: 30 ವರ್ಷದ ಆಟಗಾರನಿಗೆ 6 ಕೋಟಿ ಯೂರೋ! ಬಾರ್ಸಿಲೋನಾದವರಿಗೆ ಅಷ್ಟೂ ಲೆಕ್ಕ ಬರುವುದಿಲ್ಲವೇ?

ಉತ್ತರ: ಲೆಕ್ಕ ಚೆನ್ನಾಗಿ ಬರುತ್ತಿತ್ತು, ಅದೇ ತೊಂದರೆ. ಪ್ಯಾನಿಚ್‌ಗೆ 6 ಕೋಟಿ ಅಂತ ಬರೆದ ದಿನವೇ ಬಾರ್ಸಿಲೋನಾ ತನ್ನ ಬ್ರೆಜಿಲ್ ಆಟಗಾರ ಆರ್ಥರ್‌ರನ್ನು ಯುವೆಂಟಸ್‌ಗೆ 7.2 ಕೋಟಿಗೆ ಕೊಟ್ಟಿತು. ಆ ಕಡೆ ಈ ಕಡೆ ಕಳೆದರೆ ಕೈಬದಲಾಗಬೇಕಾದ ಹಣ 1.2 ಕೋಟಿ ಮಾತ್ರ, ಮುಂದಿನ ಬೋನಸ್ ಬಿಟ್ಟು. ಹಾಗಾದರೆ ಅಷ್ಟು ದೊಡ್ಡ ಅಂಕಿ ಬರೆದಿದ್ದು ಯಾಕೆ?

ಕ್ಲಬ್‌ಗಳ ಲೆಕ್ಕಪತ್ರದಲ್ಲಿ ಆಟಗಾರನನ್ನು ಕೊಂಡ ಹಣ ಒಂದೇ ವರ್ಷದ ಖರ್ಚಾಗಿ ಹೋಗುವುದಿಲ್ಲ, ಒಪ್ಪಂದದ ವರ್ಷಗಳಿಗೆ ಹಂಚಿಹೋಗುತ್ತದೆ. ಸುಮ್ನೆ ಉದಾಹರಣೆಗೆ, 3 ಕೋಟಿಗೆ ಐದು ವರ್ಷದ ಒಪ್ಪಂದ ಅಂದುಕೊಳ್ಳಿ. ವರ್ಷಕ್ಕೆ 60 ಲಕ್ಷ ಖರ್ಚು. ನಾಲ್ಕು ವರ್ಷ ಆದ ಮೇಲೆ ಪುಸ್ತಕದಲ್ಲಿ ಅವನ ಬೆಲೆ 60 ಲಕ್ಷ ಮಾತ್ರ. ಆಗ 6 ಕೋಟಿಗೆ ಮಾರಿದರೆ 5.4 ಕೋಟಿ ಲಾಭ, ಅದು ಆ ವರ್ಷದ ಲೆಕ್ಕದಲ್ಲೇ ಪೂರ್ತಿ ಸೇರುತ್ತದೆ. ಹೊಸಬನನ್ನು ಕೊಂಡ ಖರ್ಚು ಮಾತ್ರ ಮತ್ತೆ ಮುಂದಿನ ವರ್ಷಗಳಿಗೆ ಹಂಚಿಕೆ. ಎರಡೂ ಕ್ಲಬ್‌ಗೆ ಆ ವರ್ಷ ಲಾಭ! ಒಪ್ಪಂದ ಪ್ರಕಟವಾದದ್ದು ಜೂನ್ 29ರಂದು. ಇಬ್ಬರ ಆರ್ಥಿಕ ವರ್ಷ ಮುಗಿಯುವುದು ಜೂನ್ 30ಕ್ಕೆ. ಕೋವಿಡ್‌ನಿಂದ ಸ್ಟೇಡಿಯಂ ಖಾಲಿ, ಟಿಕೆಟ್ ಹಣ ಇಲ್ಲ. ಆ ತುರ್ತು ನಿಮಗೆ ಅರ್ಥವಾಗಿರಬೇಕು. ಈ ಥರದ ಲಾಭದ ಲೆಕ್ಕಗಳ ಬಗ್ಗೆ ಇಟಲಿಯಲ್ಲಿ ಆಮೇಲೆ ವಿಚಾರಣೆ ನಡೆದು 2022–23ರ ಸೀಸನ್‌ನಲ್ಲಿ ಯುವೆಂಟಸ್‌ನ 10 ಅಂಕ ಕಳೆದರು. ಆಟಗಾರರಿಗೆ ಇದರಲ್ಲಿ ಏನೂ ಪಾತ್ರವಿಲ್ಲ. ಆದರೂ ಕೊನೆಗೆ ಪೆಟ್ಟು ತಿಂದವರು ಅವರೇ. ಬಾರ್ಸಿಲೋನಾದಲ್ಲಿ ಪ್ಯಾನಿಚ್ ನೆಲೆ ನಿಲ್ಲಲಿಲ್ಲ, ಯುವೆಂಟಸ್‌ನಲ್ಲಿ ಆರ್ಥರ್ ಕೂಡ ನಿಲ್ಲಲಿಲ್ಲ. ಕೋಚ್ ಬೇಕು ಅನ್ನದೆ, ಅಕೌಂಟೆಂಟ್ ಬೇಕು ಅಂದಿದ್ದಕ್ಕೆ ಆಟಗಾರನನ್ನು ಕೊಳ್ಳುವುದು ನನ್ನ ಮಟ್ಟಿಗೆ ದೊಡ್ಡ ಅನ್ಯಾಯ.

ಪ್ರಶ್ನೆ: ಅವರ ಫ್ರೀಕಿಕ್ ಗುಟ್ಟೇನು? ನಾನು ಶಾಲಾ ತಂಡದಲ್ಲಿ ಆಡುತ್ತೇನೆ.

ಉತ್ತರ: ಗುರು ಒಳ್ಳೆಯವರು ಸಿಕ್ಕಿದ್ದರು. ಲಿಯಾನ್‌ನಲ್ಲಿ ಮೊದಲ ವರ್ಷ ಅವರ ಜೊತೆ ಇದ್ದವರು ಫ್ರೀಕಿಕ್‌ಗೇ ಜಗತ್ಪ್ರಸಿದ್ಧರಾದ ಬ್ರೆಜಿಲ್‌ನ ಜುನಿನ್ಯೊ. ಅಭ್ಯಾಸ ಮುಗಿದ ಮೇಲೆ ಜುನಿನ್ಯೊ ಚೆಂಡು ಇಟ್ಟು ಹೊಡೆಯುವುದನ್ನು ನೋಡಿ ಕಲಿತರು. 2009ರಲ್ಲಿ ಅವರು ಕ್ಲಬ್ ಬಿಟ್ಟಾಗ 8ನೇ ನಂಬರ್ ಅಂಗಿ ಪ್ಯಾನಿಚ್‌ಗೆ ಬಂತು. ಆದರೆ ಗುರುವಿನ ನಕಲು ಮಾಡಲಿಲ್ಲ ನೋಡಿ. ಜುನಿನ್ಯೊ ಚೆಂಡು ತಿರುಗದೆ ಗಾಳಿಯಲ್ಲಿ ಓಲಾಡುತ್ತಾ ಹೋಗುತ್ತಿತ್ತು, ದೂರದಿಂದಲೂ ಹೊಡೆಯುತ್ತಿದ್ದರು. ಪ್ಯಾನಿಚ್ ಹತ್ತಿರದ ಫ್ರೀಕಿಕ್‌ಗಳಲ್ಲಿ ಪಳಗಿದವರು. ಓಟ ಚಿಕ್ಕದು, ಎಡಗಾಲು ಚೆಂಡಿನ ಪಕ್ಕದಲ್ಲಿ ಗಟ್ಟಿಯಾಗಿ ಊರಿ, ಬಲಗಾಲಿನ ಒಳಬದಿಯಿಂದ ಸವರಿ ಎತ್ತುತ್ತಾರೆ. ಎದುರಿಗೆ ಸಾಲಾಗಿ ನಿಂತ ಆಟಗಾರರ ಗೋಡೆಯ ತಲೆ ದಾಟುವಷ್ಟೇ ಎತ್ತರ, ಆಮೇಲೆ ಬಾಗಿ ಕೆಳಗಿಳಿಯುತ್ತದೆ. ಜೋರು ಕಡಿಮೆ, ಗುರಿ ಜಾಸ್ತಿ. ಶಾಲಾ ಆಟಗಾರರಾದ ನಿಮಗೆ ಕಲಿಯೋಕೆ ಇದೇ ಸರಿ, ಮೊಣಕಾಲಿಗೂ ಕ್ಷೇಮ.

ದೂರದಿಂದ ಹೊಡೆಯೋಕೆ ಬರುವುದಿಲ್ಲ ಅಂತಲ್ಲ. 2014ರ ಜುಲೈನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧದ ಸ್ನೇಹಪಂದ್ಯದಲ್ಲಿ ಮೈದಾನದ ತಮ್ಮ ಅರ್ಧದಿಂದಲೇ ಎತ್ತಿ ಗೋಲ್ ಹೊಡೆದಿದ್ದಾರೆ. ಸಿಕ್ಕರೆ ವಿಡಿಯೊ ನೋಡಿ.

ಪ್ರಶ್ನೆ: ಬೋಸ್ನಿಯಾಕ್ಕೆ ಆಡಿ ಏನು ಸಾಧಿಸಿದರು? ಒಂದೇ ವಿಶ್ವಕಪ್, ಅದರಲ್ಲೂ ಮೊದಲ ಸುತ್ತಿನಲ್ಲೇ ಮನೆಗೆ.

ಉತ್ತರ: ಆ ಒಂದಕ್ಕೆ ಎಷ್ಟು ಕಾದಿದ್ದರು ಅನ್ನೋದನ್ನೂ ಸ್ವಲ್ಪ ನೋಡಿ. 2009ರಲ್ಲಿ ವಿಶ್ವಕಪ್ ಅರ್ಹತೆಯ ಕೊನೆಯ ಹಂತವಾದ ಪ್ಲೇಆಫ್‌ನಲ್ಲಿ ಪೋರ್ಚುಗಲ್ ಎದುರು ಎರಡೂ ಪಂದ್ಯ 0-1ರಿಂದ ಸೋತರು. 2011ರಲ್ಲಿ ಯೂರೋಪಿನ ದೇಶಗಳ ಯೂರೋ ಟೂರ್ನಿಯ ಪ್ಲೇಆಫ್‌ನಲ್ಲಿ ಮತ್ತೆ ಅದೇ ಪೋರ್ಚುಗಲ್, ಮನೆಯಲ್ಲಿ 0-0, ಅಲ್ಲಿ 2-6. ಅದೇ 2011ರಲ್ಲಿ ಫಿಫಾ ಬೋಸ್ನಿಯಾ ಫುಟ್‌ಬಾಲ್ ಸಂಸ್ಥೆಯನ್ನೇ ಅಮಾನತು ಮಾಡಿತ್ತು. ಮೂರು ಜನಾಂಗಗಳಿಗೆ ಮೂವರು ಅಧ್ಯಕ್ಷರು ಅನ್ನುವ ಪದ್ಧತಿ ಬಿಟ್ಟು ಒಬ್ಬರೇ ಅಧ್ಯಕ್ಷರು ಇರಬೇಕು ಅನ್ನೋದು ಫಿಫಾ ಪಟ್ಟು. ಹಳೆಯ ಕೋಚ್ ಇವಿಕಾ ಒಸಿಮ್ ಮುಂದಾಳತ್ವದ ಸಮಿತಿ ಎಲ್ಲರನ್ನೂ ಒಪ್ಪಿಸಿದ ಮೇಲೆ ಅಮಾನತು ತೆರವಾಯಿತು.

ಇಷ್ಟೆಲ್ಲ ಆಗಿ 2013ರ ಅಕ್ಟೋಬರ್ 15ರಂದು ಲಿಥುವೇನಿಯಾದ ಕೌನಾಸ್‌ನಲ್ಲಿ ವೆದಾದ್ ಇಬಿಶೆವಿಚ್ ಹೊಡೆದ ಒಂದೇ ಗೋಲಿನಿಂದ ಬ್ರೆಜಿಲ್ ವಿಶ್ವಕಪ್‌ಗೆ ಹೋದರು. ಗ್ರೀಸ್‌ಗೂ ಅಷ್ಟೇ ಅಂಕ ಇತ್ತು, ಗೋಲಿನ ಅಂತರದಲ್ಲಿ ಬೋಸ್ನಿಯಾ ಮೇಲೆ. ವಿಶ್ವಕಪ್‌ನಲ್ಲಿ ಮೊದಲ ಪಂದ್ಯ ಮರಕಾನಾ ಸ್ಟೇಡಿಯಂನಲ್ಲಿ ಅರ್ಜೆಂಟೀನಾ ಎದುರು, 1-2 ಸೋಲು. ಎರಡನೆಯದು ನೈಜೀರಿಯಾ ಎದುರು 0-1. ಆ ಪಂದ್ಯದಲ್ಲಿ ಜೆಕೊ ಹೊಡೆದ ಸರಿಯಾದ ಗೋಲನ್ನು ಆಫ್‌ಸೈಡ್ ಅಂತ ರದ್ದು ಮಾಡಿದರು. ಆಗ ವಿಡಿಯೊ ನೋಡಿ ತೀರ್ಪು ತಿದ್ದುವ ವಿಎಆರ್ ಇರಲಿಲ್ಲ. ಆ ತೀರ್ಪು ಸರಿಯಾಗಿದ್ದರೆ ಗುಂಪಿನ ಕಥೆಯೇ ಬೇರೆಯಾಗುತ್ತಿತ್ತು, ಇದು ನನಗೆ ಈಗಲೂ ಹೊಟ್ಟೆ ಉರಿಯುವ ವಿಷಯ. ಕೊನೆಯ ಪಂದ್ಯದಲ್ಲಿ ಇರಾನ್ ವಿರುದ್ಧ 3-1 ಗೆಲುವು. ಅದು ವಿಶ್ವಕಪ್‌ನಲ್ಲಿ ಬೋಸ್ನಿಯಾದ ಮೊದಲ ಗೆಲುವು. ಎರಡನೇ ಗೋಲ್ ಪ್ಯಾನಿಚ್ ಅವರದೇ.

ಪ್ರಶ್ನೆ: ಬೋಸ್ನಿಯಾದಲ್ಲಿ ಇವರ ಹಾಗೆ ಊರೂರು ಸುತ್ತಿದ ಮಿಡ್‌ಫೀಲ್ಡರ್‌ಗಳು ಬೇರೆ ಯಾರಿದ್ದಾರೆ?

ಉತ್ತರ: ಬೇಕಾದಷ್ಟು ಜನ. ಹಾರಿಸ್ ಮೆದುನ್ಯಾನಿನ್ ಅವರನ್ನೇ ತಗೊಳ್ಳಿ. ಸರಾಯೆವೊದಲ್ಲಿ ಹುಟ್ಟಿ, ಯುದ್ಧದ ಕಾಲದಲ್ಲಿ ನೆದರ್ಲೆಂಡ್ಸ್ ಸೇರಿದವರು. ಅಲ್ಲಿನ 21 ವರ್ಷದೊಳಗಿನವರ ತಂಡಕ್ಕೆ ಆಡಿ 2007ರಲ್ಲಿ ಯೂರೋಪಿಯನ್ ಚಾಂಪಿಯನ್ ಆದರು, ಆಮೇಲೆ ಬೋಸ್ನಿಯಾಕ್ಕೆ ಬಂದರು. ಕ್ಲಬ್‌ಗಳ ವಿಷಯದಲ್ಲಿ ನೆದರ್ಲೆಂಡ್ಸ್, ಸ್ಪೇನ್, ಇಸ್ರೇಲ್, ಟರ್ಕಿ, ಅಮೆರಿಕ ಅಂತ ಸುತ್ತಿದ್ದಾರೆ. ಪ್ಯಾನಿಚ್‌ಗಿಂತ ಇವರೇ ದೊಡ್ಡ ಪ್ರವಾಸಿ! ಎಡಗಾಲಿನ ಪಾಸ್ ನೋಡೋಕೆ ಕಣ್ಣಿಗೆ ಹಬ್ಬ.

ಜ್ವೆಜ್ದಾನ್ ಮಿಸಿಮೊವಿಚ್ ಹುಟ್ಟಿದ್ದೇ ಜರ್ಮನಿಯ ಮ್ಯೂನಿಕ್‌ನಲ್ಲಿ. 2008–09ರಲ್ಲಿ ವೋಲ್ಫ್ಸ್‌ಬರ್ಗ್ ಬುಂಡೆಸ್‌ಲಿಗಾ ಗೆದ್ದಾಗ ಗ್ರಾಫಿಟೆ 28, ಜೆಕೊ 26 ಗೋಲ್ ಹೊಡೆದದ್ದನ್ನು ಎಲ್ಲರೂ ಹೇಳುತ್ತಾರೆ, ಅವರಿಗೆ ಚೆಂಡು ಒದಗಿಸಿದ ಮಿಸಿಮೊವಿಚ್ ಹೆಸರು ಹೇಳುವವರು ಕಮ್ಮಿ. ಆಮೇಲೆ ಟರ್ಕಿ, ರಷ್ಯಾ, ಚೀನಾ. ಸೆನಾದ್ ಲುಲಿಚ್ ಸ್ವಿಟ್ಜರ್‌ಲೆಂಡ್‌ನಲ್ಲಿ ಬೆಳೆದವರು, ಆದರೆ ಲಾಜಿಯೊ ಸೇರಿದ ಮೇಲೆ ಹತ್ತು ವರ್ಷ ಅಲ್ಲೇ ಉಳಿದರು. 2013ರ ಇಟಾಲಿಯನ್ ಕಪ್ ಫೈನಲ್‌ನಲ್ಲಿ ರೋಮಾ ವಿರುದ್ಧ 1-0 ಗೆಲುವಿನ ಗೋಲ್ ಅವರದು. ಆಗ ರೋಮಾದಲ್ಲಿ ಇದ್ದದ್ದು ನಮ್ಮ ಪ್ಯಾನಿಚ್! ಮುಂದಿನ ವರ್ಷ ಇಬ್ಬರೂ ಒಂದೇ ಅಂಗಿಯಲ್ಲಿ ಬ್ರೆಜಿಲ್‌ಗೆ ಹೋದರು.

ಪ್ರಶ್ನೆ: ಕೊನೆಗೆ ಶಾರ್ಜಾ, ಮಾಸ್ಕೋ. ದುಡ್ಡಿಗಾಗಿಯೇ ಅಲ್ವಾ?

ಉತ್ತರ: ದುಡ್ಡೂ ಇದ್ದೇ ಇರುತ್ತದೆ, ಇಲ್ಲ ಅನ್ನೋದಿಲ್ಲ. ಆದರೆ ಬಾರ್ಸಿಲೋನಾ ಆದ ಮೇಲೆ ಅವರಿಗೆ ಬೇಕಾಗಿದ್ದು ಆಡುವ ಜಾಗ. 2021ರಲ್ಲಿ ಲೋನ್ ಮೇಲೆ, ಅಂದರೆ ತಾತ್ಕಾಲಿಕವಾಗಿ, ಬೆಸಿಕ್ತಾಶ್‌ಗೆ ಹೋದರು. ಅಲ್ಲಿ ತಂಡವೇ ಕುಂಟುತ್ತಿತ್ತು, ಚಾಂಪಿಯನ್ಸ್ ಲೀಗ್ ಗುಂಪಿನಲ್ಲಿ ಆರಕ್ಕೆ ಆರೂ ಪಂದ್ಯ ಸೋತಿತು. 2022ರಲ್ಲಿ ಯುಎಇಯ ಶಾರ್ಜಾ ಸೇರಿ, ಪ್ರೆಸಿಡೆಂಟ್ಸ್ ಕಪ್ ಗೆದ್ದ ತಂಡದಲ್ಲಿದ್ದರು. 2024ರಲ್ಲಿ ಸಿಎಸ್‌ಕೆಎ ಮಾಸ್ಕೋ. ಉಕ್ರೇನ್ ಯುದ್ಧದಿಂದಾಗಿ ರಷ್ಯಾದ ಕ್ಲಬ್‌ಗಳನ್ನು 2022ರಿಂದ ಯೂರೋಪಿಯನ್ ಟೂರ್ನಿಗಳಿಂದ ಹೊರಗಿಟ್ಟಿದ್ದಾರೆ, ಹಾಗಾಗಿ ಈ ಆಯ್ಕೆ ಹಲವರಿಗೆ ಹಿಡಿಸಲಿಲ್ಲ. ಯುದ್ಧದಿಂದ ಊರು ಬಿಟ್ಟ ಮನೆಯವರು ಅಲ್ಲಿಗೆ ಹೋಗಬಾರದಿತ್ತು ಅಂತ ನನಗೂ ಅನಿಸಿದೆ. 2025ರಲ್ಲಿ ಸಿಎಸ್‌ಕೆಎ ರಷ್ಯನ್ ಕಪ್ ಗೆದ್ದಿತು.

ಪ್ರಶ್ನೆ: ಪ್ಯಾನಿಚ್ ಆಟ ನಾನು ನೋಡೇ ಇಲ್ಲ. ಒಂದೇ ಒಂದು ಪಂದ್ಯ ನೋಡಬೇಕಾದರೆ ಯಾವುದು?

ಉತ್ತರ: 2010ರ ಮಾರ್ಚ್ 10, ಮ್ಯಾಡ್ರಿಡ್‌ನ ಬರ್ನಬ್ಯೂ. ಚಾಂಪಿಯನ್ಸ್ ಲೀಗ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಎದುರು ಲಿಯಾನ್, ಎರಡು ಪಂದ್ಯದ ಸುತ್ತಿನ ಎರಡನೆಯದು. ರೊನಾಲ್ಡೊ, ಕಾಕಾ ಇಬ್ಬರನ್ನೂ ಹಿಂದಿನ ಬೇಸಿಗೆಯಲ್ಲೇ ಮ್ಯಾಡ್ರಿಡ್ ಕೊಂಡಿತ್ತು, ಆ ವರ್ಷದ ಫೈನಲ್ ಕೂಡ ಅದೇ ಮೈದಾನದಲ್ಲಿ. ಮೊದಲ ಪಂದ್ಯವನ್ನು ಲಿಯಾನ್ 1-0ರಿಂದ ಗೆದ್ದಿತ್ತು. ಇಲ್ಲಿ ಆರನೇ ನಿಮಿಷಕ್ಕೇ ರೊನಾಲ್ಡೊ ಗೋಲ್. ಇಗುವೈನ್ ಒಮ್ಮೆ ಖಾಲಿ ಗೋಲಿಗೆ ಹೊಡೆದದ್ದು ಕಂಬಕ್ಕೆ ಬಡಿಯಿತು. ಮೊದಲರ್ಧ ಲಿಯಾನ್‌ಗೆ ಉಸಿರಾಡೋಕೂ ಬಿಡಲಿಲ್ಲ. ವಿರಾಮದಲ್ಲಿ ಕೋಚ್ ಕ್ಲೋಡ್ ಪ್ಯುಯೆಲ್ ಇಬ್ಬರನ್ನು ಬದಲಿಸಿದ ಮೇಲೆ ಆಟ ತಿರುಗುತ್ತದೆ. ನೀವು ಅಲ್ಲಿಂದ ಪ್ಯಾನಿಚ್ ಒಬ್ಬರನ್ನೇ ಗಮನಿಸಿ. 75ನೇ ನಿಮಿಷದಲ್ಲಿ ಗೋಲ್‌ಕೀಪರ್ ಕಸಿಯಸ್‌ರನ್ನು ದಾಟಿಸಿ ಗೋಲ್ ಹೊಡೆಯುತ್ತಾರೆ, 1-1, ಒಟ್ಟು ಲೆಕ್ಕದಲ್ಲಿ ಲಿಯಾನ್ ಮುಂದಕ್ಕೆ. ಆಗ ಅವರಿಗಿನ್ನೂ 20 ತುಂಬಿರಲಿಲ್ಲ. ಆ ವರ್ಷ ಲಿಯಾನ್ ಮೊದಲ ಸಲ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ಗೆ ಹೋಯಿತು. ಹೈಲೈಟ್ಸ್ ಬೇಡ, ಎರಡನೇ ಅರ್ಧವನ್ನಾದರೂ ಪೂರ್ತಿ ನೋಡಿ, ನೋಡಿದ ಮೇಲೆ ಬರೆಯಿರಿ.